ಹೋಗದ ತಿರುಪತಿಯ ಲಾಡು

ನಮ್ಮ ಕೆಳಮನೆಗೆ ಬಾಡಿಗೆಗೆ ಬಂದಿರುವ ಹುಡುಗಿ ಭಾನುವಾರ ಬಂತೆಂದರೆ ತಲೆಗೆ ಹಚ್ಚುವ ಎಣ್ಣೆ ಕಾಯಿಸಲು ನಿಲ್ಲುತ್ತಾಳೆ. ಗರಗದ ಸೊಪ್ಪು, ದಾಸವಾಳದ ಎಲೆ, ಕರಿಬೇವು, ಒಂದು ಹಿಡಿ ಮೆಂತ್ಯ, ಎಲ್ಲವನ್ನೂ ಕೊಬ್ಬರಿ ಎಣ್ಣೆಗೆ ಸುರಿದು ಸಣ್ಣ ಉರಿಯಲ್ಲಿ ಇಡುತ್ತಾಳೆ. ಫೋನಿನಲ್ಲಿ ನೋಡಿ ಕಲಿತಳಂತೆ. ಆ ಹಸಿರು ವಾಸನೆ ಮೆಟ್ಟಿಲು ಹತ್ತಿಕೊಂಡು ಬಂದು ನನ್ನ ಮಂಚದ ಪಕ್ಕ ಕೂತುಬಿಡುತ್ತದೆ. ಮೊನ್ನೆ ಮೇಲೆ ಬಂದು, ವಾಸನೆಯಿಂದ ತೊಂದರೆಯೇನಾದರೂ ಆಗುತ್ತಿದೆಯಾ ಅಜ್ಜಿ ಎಂದು ಕೇಳಿದಳು. ಪಾಪ, ಒಳ್ಳೆಯ ಹುಡುಗಿ. ತೊಂದರೆ ಎಂಥದ್ದು, ಆ ವಾಸನೆಯೊಳಗೆ ನಾನು ಒಂದು ವರ್ಷ ಬಾಳಿದ್ದೇನೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ನಕ್ಕು ಇಳಿದುಹೋದಳು. ನಿಮಗೆ ಅವಸರವಿಲ್ಲದಿದ್ದರೆ ಕೂತುಕೊಳ್ಳಿ, ನಿಮಗಾದರೂ ಹೇಳುತ್ತೇನೆ.

ಅರವತ್ತರ ಆಸುಪಾಸಿನ ಮಾತು. ಶಾಂತಿಗ್ರಾಮದ ಹುಡುಗಿಯಾದ ನನ್ನನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದರು. ಮದುವೆಯಾಗಿ ಎರಡು ವರ್ಷವಾಗಿತ್ತು. ನನ್ನ ಗಂಡ ಅರಕಲಗೂಡಿನ ಸ್ಕೂಲಿನಲ್ಲಿ ಮೇಷ್ಟ್ರು. ಶನಿವಾರದ ಬಸ್ಸಿಗೆ ಬಂದು ಸೋಮವಾರದ ಬಸ್ಸಿಗೆ ಹೊರಟುಬಿಡುವ ಗಿರಾಕಿ. ಹಾಗಾಗಿ ನಾನು ಸಂಸಾರ ಮಾಡಿದ್ದು ಗಂಡನಿಗಿಂತ ಹೆಚ್ಚಾಗಿ ನನ್ನ ಓರಗಿತ್ತಿ ದೇವೀರಕ್ಕನ ಜೊತೆ. ಆಕೆಯ ಗಂಡ, ಅಂದರೆ ನನ್ನ ಭಾವ, ಬಿತ್ತನೆ ಆಲೂಗಡ್ಡೆ ವ್ಯಾಪಾರ ಮಾಡುತ್ತಿದ್ದರು. ಮನೆಯ ಹಿಂದೆಯೇ ಗೋಡೌನು. ಇನ್ನು ಮನೆಯ ಯಜಮಾನಿಕೆ ಅತ್ತೆಯದು. ಎಪ್ಪತ್ತು ದಾಟಿದ ಹೆಂಗಸು, ಆದರೆ ದನಿ ಹಿತ್ತಿಲಿನಲ್ಲಿ ಎದ್ದರೆ ಬೀದಿಯಲ್ಲಿ ಹೋಗುವ ಗಾಡಿಯೆತ್ತು ನಿಲ್ಲುತ್ತಿತ್ತು.

ದೇವೀರಕ್ಕನ ಬಲಗಿವಿಯ ಹಿಂದೆ ಒಂದು ಗಂಟು ಎದ್ದಿತು. ಮೊದಲು ಕಡಲೆಕಾಳಿನಷ್ಟಿತ್ತು. ಅತ್ತೆ ಒಂದು ತಿಂಗಳು ಬಿಸಿ ಕೊಟ್ಟರು, ಒಂದು ತಿಂಗಳು ತಂಪು ಹಾಕಿದರು. ಅದು ಯಾವುದಕ್ಕೂ ಬಗ್ಗದೆ ನೆಲ್ಲಿಕಾಯಿಯಷ್ಟಾಯಿತು. ಹಾಸನದ ಡಾಕ್ಟರು ಅದರಿಂದ ಒಂದು ಚೂರು ಕತ್ತರಿಸಿ ಎಲ್ಲಿಗೋ ಕಳಿಸಿದರು. ಆಮೇಲೆ ಭಾವನನ್ನು ಒಬ್ಬರನ್ನೇ ಒಳಗೆ ಕರೆದರು. ಭಾವ ಹೊರಗೆ ಬಂದಾಗ ಅವರ ಮುಖ ನೋಡಿಯೇ ನಮಗೆ ಗೊತ್ತಾಯಿತು. ಆ ಕಾಯಿಲೆಯ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಹೇಳಲೇಬೇಕಾಗಿ ಬಂದರೆ ಅತ್ತೆ ‘ಅದು’ ಎನ್ನುತ್ತಿದ್ದರು, ಮೂಲೆಯಲ್ಲಿ ಹಾವು ಕಂಡವರ ಹಾಗೆ.

ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿ ಗಂಟು ಸುಡಲು ಕರೆಂಟು ಕೊಡುತ್ತಾರಂತೆ, ರೇಡಿಯೇಶನ್ನಿಗೆ ಆಗ ಹಾಗೆನ್ನುತ್ತಿದ್ದರು. ಬಂಧುಗಳ ಮನೆಗೆ ಹೋಗುತ್ತೇವೆ ಎಂದು ಬೀದಿಗೆ ಹೇಳಿ ಭಾವ, ಅಕ್ಕ, ಜೊತೆಗೆ ನಾನು ಹೊರಟೆವು. ಕರೆಂಟು ಕೊಡುವ ಮೊದಲು ಆಸ್ಪತ್ರೆಯವರು ಅಕ್ಕನ ತಲೆಯನ್ನು ಪೂರ್ತಿ ಬೋಳಿಸಿದರು, ಮುಗಿಯುವ ತನಕ ಆಗಾಗ ಬೋಳಿಸುತ್ತಲೇ ಇದ್ದರು. ಆರು ವಾರ ದಿನಾ ಅವಳನ್ನು ದಪ್ಪ ಗೋಡೆಯ ಕೋಣೆಗೆ ಒಬ್ಬಳನ್ನೇ ಬಿಟ್ಟು ಬಾಗಿಲು ಹಾಕುತ್ತಿದ್ದರು. ಹೊರಗೆ ನಾನು ಕೂತಿರುತ್ತಿದ್ದೆ. ಮನೆಗೆ ಕಳಿಸುವಾಗ ಡಾಕ್ಟರು ಭಾವನಿಗೆ ಬಿಡಿಸಿ ಹೇಳಿದರು. ಬಲಗಡೆಯ ಚರ್ಮ ಕಪ್ಪಾಗಿ ಸುಲಿಯುತ್ತದೆ, ಸೋಪು ಹಾಕಬೇಡಿ, ಕೆರೆಯಬೇಡಿ, ಬಿಸಿಲಿಗೆ ಒಡ್ಡಬೇಡಿ. ಮೂರು ತಿಂಗಳ ಮೇಲೆ ಬೇಕಿದ್ದರೆ ಬರೀ ಕೊಬ್ಬರಿ ಎಣ್ಣೆ ಹಚ್ಚಿ. ಆ ಕಡೆಯ ಕೂದಲು ಬಂದರೂ ಬರಬಹುದು, ಬರದೆಯೂ ಇರಬಹುದು. ಕೂದಲಿಗೂ ಕಾಯಿಲೆಗೂ ಸಂಬಂಧವಿಲ್ಲ. ಇಷ್ಟು ಸರಳವಾದ ಮಾತನ್ನು ನಮ್ಮ ಮನೆಯವರು ಯಾರೂ ಪೂರ್ತಿ ಪಾಲಿಸಲಿಲ್ಲ ನೋಡಿ, ಅದೇ ಸೋಜಿಗ.

ವಾಪಸು ಬರುವಾಗ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಭಾವ ಹೊಳೆನರಸೀಪುರದ ಬಸ್ಸು ವಿಚಾರಿಸಲು ಹೋಗಿದ್ದರು. ಅಕ್ಕ ಸೆರಗು ಹೊದ್ದುಕೊಂಡು ಟ್ರಂಕಿನ ಮೇಲೆ ಕೂತಿದ್ದಳು. ಅಷ್ಟರಲ್ಲಿ ಎಲ್ಲಿಂದ ಉದುರಿದಳೋ ಗೊತ್ತಿಲ್ಲ, ನಮ್ಮ ಎದುರು ಮನೆಯ ಸಿದ್ದಮ್ಮ ಪ್ರತ್ಯಕ್ಷವಾದಳು. ಆಕೆಗೆ ಗೊತ್ತಾದರೆ ಊರಿಗೆ ಡಂಗುರ ಹೊಡೆಸುವ ಖರ್ಚು ಉಳಿಯುತ್ತಿತ್ತು. ಹಾಳು ಗಾಳಿಗೆ ಅಕ್ಕನ ಸೆರಗು ಜಾರಿತು. ನುಣ್ಣನೆಯ ತಲೆ. ಸಿದ್ದಮ್ಮ ಕಣ್ಣರಳಿಸಿ, ಎರಡೂ ಕೈ ಜೋಡಿಸಿ, “ಬೆಂಗ್ಳೂರಿಂದ ಅಂಗೇ ತಿರುಪತಿಗೂ ಓಗ್ಬುಟ್ ಬಂದ್ರಾ ಕಣವ್ವ? ಮುಡಿ ಕೊಟ್ರಾ?” ಎಂದಳು.

ನಾನು “ಊಂ” ಎಂದೆ.

ಅಷ್ಟೇ. ಪೂರ್ತಿ ಒಂದು ಮಾತೂ ಅಲ್ಲ. ನಮ್ಮಲ್ಲಿ ಹೆಂಗಸರು ಹರಕೆ ಹೊತ್ತು ತಿಮ್ಮಪ್ಪನಿಗೆ ಮುಡಿ ಕೊಟ್ಟು ಬರುವುದು ಇದ್ದದ್ದೇ. ಬೋಳುತಲೆ ಕಂಡರೆ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ನನಗೆ ಇಪ್ಪತ್ತೆರಡು ವಯಸ್ಸು, ಸಿದ್ದಮ್ಮನೇ ಸುಳ್ಳನ್ನು ಬೇಯಿಸಿ ತಟ್ಟೆಗೆ ಬಡಿಸಿದ್ದಳು. ನಾನು ಉಂಡೆ. ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ಸೆರಗು ಸರಿಮಾಡಿಕೊಂಡಳು.

ಮನೆಗೆ ಬಂದು ಅತ್ತೆಗೆ ಹೇಳಿದೆ, ಬೈಗುಳಕ್ಕೆ ಬೆನ್ನು ಗಟ್ಟಿಮಾಡಿಕೊಂಡೇ ಹೇಳಿದೆ. ಅತ್ತೆ ಬಾಗಿಲು ಹಾಕಿದರು. “ಅಂದಿದ್ದು ಅಂದ್ಬುಟ್ಟೆ. ಅದ್ರ ಎಸರು ಗೊತ್ತಾದ್ರೆ ನಮ್ಮನೆ ಒಸ್ಲು ಒಬ್ರೂ ತುಳಿಯಾಕಿಲ್ಲ. ಇನ್ಮೇಲೆ ತಿರುಪತಿ ಅಂದ್ರೆ ತಿರುಪತಿನೇಯ” ಎಂದರು. ಆಮೇಲೆ ಅವರ ಮುಖ ಇಳಿಯಿತು. ತಿರುಪತಿಗೆ ಹೋಗಿ ಬಂದವರು ಬೀದಿಗೆಲ್ಲ ಪ್ರಸಾದ ಹಂಚಬೇಕಲ್ಲ. ಲಾಡು ಎಲ್ಲಿ?

ನಾನೂ ಅತ್ತೆಯೂ ಅಡಿಗೆಮನೆಯ ಬಾಗಿಲಿಗೆ ಅಗುಳಿ ಹಾಕಿ ಬೂಂದಿ ಕರಿದೆವು. ತುಪ್ಪದ ವಾಸನೆ ಹೊರಗೆ ಹೋಗಬಾರದೆಂದು ಹಿತ್ತಿಲಿನಲ್ಲಿ ಸಗಣಿ ಬೆರಣಿ ಹಚ್ಚಿ ಹೊಗೆ ಹಾಕಿದೆವು. ತಿರುಪತಿಯ ಲಾಡು ಎಷ್ಟು ದಪ್ಪ ಇರುತ್ತದೆ ಎಂಬುದರ ಬಗ್ಗೆ ನಮ್ಮಿಬ್ಬರಿಗೂ ದೊಡ್ಡ ಜಗಳವಾಯಿತು, ಯಾಕೆಂದರೆ ಇಬ್ಬರೂ ತಿರುಪತಿ ಕಂಡವರಲ್ಲ. ಕೊನೆಗೆ ಭಾವನ ಸಣ್ಣ ಬಿತ್ತನೆಗಡ್ಡೆಯ ಅಳತೆಗೆ ರಾಜಿಯಾದೆವು. ಮಾರನೆಯ ದಿನ ಬೀದಿಗೆಲ್ಲ ಹಂಚಿದೆ. ಸಿದ್ದಮ್ಮ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಏನೇ ಅನ್ನಿ, ಆ ಬೆಟ್ಟದ ರುಚಿ ಮನೆಯಲ್ಲಿ ಮಾಡಿದರೆ ಬರುವುದಿಲ್ಲ ಎಂದು ನಮಗೇ ತಿಳಿಹೇಳಿದಳು. ಒಂದು ಲಾಡನ್ನು ಡಬ್ಬಿಯಲ್ಲಿಟ್ಟು ದೇವರ ಗೂಡಿನಲ್ಲಿ ಇಟ್ಟುಕೊಂಡಳು.

ಸುಳ್ಳಿಗೆ ಹೊಟ್ಟೆ ದೊಡ್ಡದು, ಲಾಡು ಒಂದರಿಂದ ತುಂಬುವುದಿಲ್ಲ. ಬೀದಿಯ ಹೆಂಗಸರು ಜಗಲಿಗೆ ಬಂದು ಕೂತು, ಬೆಟ್ಟ ಹೇಗಿತ್ತು, ಮೆಟ್ಟಿಲು ಎಷ್ಟು ಎಂದು ಕೇಳತೊಡಗಿದರು. ಅಕ್ಕ ಬಾಯಿ ಬಿಡುತ್ತಿರಲಿಲ್ಲ. ನಾನೇ ಹೇಳಬೇಕು. ನಾನು ಜನ್ಮದಲ್ಲಿ ಕಂಡಿದ್ದ ದೇವರ ಬೆಟ್ಟ ಶ್ರವಣಬೆಳಗೊಳದ್ದೊಂದೇ. ಅದನ್ನೇ ಹೇಳಿದೆ. ಬಂಡೆಯಲ್ಲೇ ಕೊರೆದ ಮೆಟ್ಟಿಲು, ಕಾಲು ಸುಡುತ್ತದೆ, ಮೇಲೆ ಹೋದರೆ ಕೆಳಗೆ ಕೊಳ ಕಾಣುತ್ತದೆ. ಗೊಮ್ಮಟನನ್ನು ಮಾತ್ರ ಬಿಟ್ಟೆ. ಒಮ್ಮೆ ನಿಜವಾಗಿ ತಿರುಪತಿಗೆ ಹೋಗಿದ್ದ ಮುದುಕನೊಬ್ಬ ಜಗಲಿಯಲ್ಲಿ ಕೂತು ಕೇಳಿಸಿಕೊಂಡು, ನಾನು ಹೋದಾಗ ಬಂಡೆ ಮೆಟ್ಟಿಲು ಕಾಣಲಿಲ್ಲವಲ್ಲ ಎಂದ. ನಿಮಗೆ ವಯಸ್ಸಾಗಿದೆ, ಮರೆತಿದ್ದೀರಿ ತಾತ ಎಂದೆ. ಆತ ಪಾಪ ಒಪ್ಪಿಕೊಂಡುಬಿಟ್ಟ. ನನಗೆ ಇವತ್ತಿಗೂ ಆತನ ನೆನಪಾದರೆ ನಾಚಿಕೆಯಾಗುತ್ತದೆ.

ಚರ್ಮದ್ದೇ ಇನ್ನೊಂದು ಫಜೀತಿ. ಡಾಕ್ಟರು ಹೇಳಿದ ಹಾಗೆ ಕಿವಿಯ ಹಿಂದಿನಿಂದ ಕತ್ತಿನ ತನಕ ಕಪ್ಪಗೆ ಸುಟ್ಟ ಹಾಗಾಗಿ ಪದರ ಪದರ ಏಳತೊಡಗಿತು. ತಿರುಪತಿಯ ಬಿಸಿಲು ಎಂದು ಅತ್ತೆ ಸಾರಿಬಿಟ್ಟರು. ಬಿಸಿಲು ಬಲಗಡೆಗೆ ಮಾತ್ರ ಹೊಡೆಯಿತಾ ಎಂದು ಸಿದ್ದಮ್ಮ ಕೇಳಿದ್ದು ನ್ಯಾಯವೇ. ಅತ್ತೆ ಕೂದಲೆಳೆಯಷ್ಟೂ ಅಳುಕದೆ, ದರ್ಶನದ ಸಾಲು ಅಷ್ಟುದ್ದ ಇತ್ತು, ಇಡೀ ದಿನ ಒಂದೇ ಕಡೆಗೆ ತಿರುಗಿ ನಿಂತಿದ್ದರು, ಬಲಗಡೆಗೇ ಬಿಸಿಲು ಎಂದರು. ಆಮೇಲೆ ಆ ಬೀದಿಯಿಂದ ಯಾರು ಯಾತ್ರೆಗೆ ಹೊರಟರೂ ಸಾಲಿನಲ್ಲಿ ಆಗಾಗ ತಿರುಗಿ ನಿಲ್ಲಿ ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದರು.

ಉರಿ ಮಾತ್ರ ಸುಳ್ಳಲ್ಲ. ಅಕ್ಕ ಕತ್ತು ಒಂದು ಕಡೆಗೆ ವಾಲಿಸಿಕೊಂಡು ಕೂತಿರುತ್ತಿದ್ದಳು, ಹಲ್ಲು ಕಚ್ಚಿಕೊಂಡು. ಭಾವ ತಮಗೆ ಗೊತ್ತಿದ್ದ ಒಂದೇ ಪದಾರ್ಥ ತಂದರು. ಗೋಡೌನಿನ ತಣ್ಣನೆಯ ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಮಾಡಿ ಅವಳ ಕತ್ತಿನ ಮೇಲೆ ಒಂದೊಂದಾಗಿ ಇಡುತ್ತಿದ್ದರು, ಬಿಸಿಯಾದದ್ದನ್ನು ತೆಗೆದು ಬೇರೆ ಇಡುತ್ತಿದ್ದರು. ಎಮ್ಮೆಗಾತ್ರದ ಮನುಷ್ಯ, ಮಂಡಿಯಲ್ಲಿ ಕೂಗಿ ಕೂಗಿ ಗಂಟಲು ಒಡೆದವರು, ಆ ಬಿಲ್ಲೆ ಇಡುವಾಗ ಉಸಿರು ಹಿಡಿದಿರುತ್ತಿದ್ದರು. ಅದು ವೈದ್ಯವೋ ಅಲ್ಲವೋ ನನಗೆ ಗೊತ್ತಿಲ್ಲ, ನೀವು ಮಾಡಬೇಡಿ. ಅಕ್ಕನಿಗೆ ಹಾಯೆನಿಸುತ್ತಿತ್ತು.

ಮೂರು ತಿಂಗಳಿಗೆ ಎಡಗಡೆ ಕೂದಲು ಎದ್ದಿತು, ಕಪ್ಪಗೆ, ಒತ್ತಾಗಿ. ಬಲಗಡೆ ಬೋಳು ಬೋಳಾಗಿಯೇ ಇತ್ತು. ನಡುನೆತ್ತಿಯಲ್ಲಿ ಬದು ಹಾಕಿ ಒಂದು ಕಡೆ ಬಿತ್ತಿ ಒಂದು ಕಡೆ ಬೀಳುಬಿಟ್ಟ ಹಾಗೆ. ಇದನ್ನು ಯಾವ ಬಿಸಿಲಿನ ತಲೆಗೂ ಕಟ್ಟಲು ಬರುವುದಿಲ್ಲ. ತಿಮ್ಮಪ್ಪ ಅರ್ಧ ಮುಡಿ ತೆಗೆದುಕೊಳ್ಳುವ ದೇವರಲ್ಲ. ಹಾಗಾಗಿ ಎಡಗಡೆಯದನ್ನೂ ತೆಗೆಯುವುದೆಂದು ಅತ್ತೆ ತೀರ್ಮಾನ ಮಾಡಿದರು. ಕ್ಷೌರದವನನ್ನು ಮನೆಗೆ ಕರೆಸಿದರೆ ಸುದ್ದಿಯಾಗುತ್ತದೆ. ಭಾವ ತಮ್ಮ ಕ್ಷೌರದ ಬಟ್ಟಲು, ಬ್ರಶ್ಶು, ಬ್ಲೇಡು ತಂದರು. ಹಿತ್ತಿಲಿನ ಕಲ್ಲಿನ ಮೇಲೆ ಹೆಂಡತಿಯನ್ನು ಕೂರಿಸಿ, ಬಲಗಡೆಗೆ ಒಂದು ತೊಟ್ಟೂ ಸೋಪು ತಾಗದ ಹಾಗೆ ಎಡಗಡೆಗೆ ನೊರೆ ಹಚ್ಚಿ, ಹಾಸನದಲ್ಲಿ ಗಡ್ಡೆಯ ಧಾರಣೆ ಕುಸಿದದ್ದನ್ನು ಹೇಳುತ್ತಾ ಬೋಳಿಸಿದರು. ಅಕ್ಕ ಊಂ ಊಂ ಎನ್ನುತ್ತಾ ಕೂತಿದ್ದಳು. ನಾನು ಬಾಗಿಲ ಸಂದಿಯಲ್ಲಿ ನೋಡಿ ನಕ್ಕೆ, ಆಮೇಲೆ ಒಳಗೆ ಹೋಗಿ ಅತ್ತುಬಿಟ್ಟೆ.

ತಲೆ ಮತ್ತೆ ನುಣ್ಣಗಾಯಿತಲ್ಲ, ಬೀದಿಯವರು ಏನೆಂದರು? ಮತ್ತೆ ತಿರುಪತಿಗೆ ಹೋಗಿಬಂದಳು ಎಂದರು. ಯಾವಾಗ ಹೋದಳು ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಲಾಡು ಮಾತ್ರ ಮತ್ತೆ ಕಟ್ಟಬೇಕಾಯಿತು. ಇನ್ನು ಮೂರು ತಿಂಗಳಿಗೆ ಮತ್ತೊಂದು ಸಲ. ವರ್ಷದಲ್ಲಿ ಮೂರು ಸಲ ಮುಡಿ ಕೊಟ್ಟ ಹೆಂಗಸು ಹೊಳೆನರಸೀಪುರದ ಚರಿತ್ರೆಯಲ್ಲೇ ಇರಲಿಲ್ಲ.

ಈ ನಗುವಿನ ಕೆಳಗೆ ಏನಿತ್ತು ಅನ್ನುವುದನ್ನು ಈಗ ಹೇಳುತ್ತೇನೆ. ಡಾಕ್ಟರು ಕೂದಲಿಗೂ ಕಾಯಿಲೆಗೂ ಸಂಬಂಧವಿಲ್ಲ ಅಂದಿದ್ದರು ತಾನೇ. ದೇವೀರಕ್ಕ ಅದನ್ನು ನಂಬಲಿಲ್ಲ. ಒಂದು ಮಧ್ಯಾಹ್ನ ಅವಳ ಬಲನೆತ್ತಿಗೆ ಎಣ್ಣೆ ಸವರುತ್ತಿದ್ದೆ. ಇದ್ದಕ್ಕಿದ್ದ ಹಾಗೆ ನನ್ನ ಕೈ ಹಿಡಿದುಕೊಂಡಳು. “ಇಲ್ಲಿ ಕೂದ್ಲು ಬಂದ್ರೆ ನಾನು ಉಳ್ದೆ ಕಣಮ್ಮಿ. ಬರ್ದಿದ್ರೆ ಓದೆ. ನಂಗೊತ್ತು. ಯಾರ್ಗೂ ಏಳ್ಬೇಡ” ಎಂದಳು. ಹುಚ್ಚೇ ನಿನಗೆ, ಹಾಗೆಲ್ಲ ಅನ್ನಬಾರದು ಅಕ್ಕ ಎಂದೆ ನಾನು. ಆದರೆ ಆ ದಿನದಿಂದ ನನಗೂ ಅದೇ ನಂಬಿಕೆ ಅಂಟಿಕೊಂಡಿತು. ಬೆಳಿಗ್ಗೆ ಎದ್ದರೆ ಮೊದಲು ಅವಳ ತಲೆಯ ಮೇಲೆ ಬೆರಳಾಡಿಸುವುದು. ನುಣ್ಣಗೆ. ನಾಳೆ ನೋಡೋಣ. ನನ್ನ ಜಡೆ ಆಗ ಸೊಂಟ ದಾಟಿತ್ತು, ಎರಡು ಹಿಡಿ ದಪ್ಪ, ಬಿಚ್ಚಿದರೆ ನೆಲಕ್ಕೆ ನೆರಳು ಬೀಳುವಷ್ಟು. ಅವಳ ಎದುರಿಗೆ ತಲೆ ಬಾಚುವುದನ್ನು ಬಿಟ್ಟೆ. ಗೋಡೌನಿಗೆ ಹೋಗಿ ಮೂಟೆಗಳ ನಡುವೆ ನಿಂತು ಬಾಚಿಕೊಳ್ಳುತ್ತಿದ್ದೆ, ಕಳ್ಳಿಯ ಹಾಗೆ.

ಎಣ್ಣೆಯ ಪ್ರಕರಣ ಆಗ ಜೋರಾಯಿತು. ಬರೀ ಕೊಬ್ಬರಿ ಎಣ್ಣೆ ಎಂದು ಡಾಕ್ಟರು ಅಂದಿದ್ದರೆ ಅತ್ತೆ ಅದಕ್ಕೆ ಹಿತ್ತಿಲಿನ ಅರ್ಧ ಗಿಡಗಳನ್ನು ಸೇರಿಸಿದರು. ಕೆಳಮನೆಯ ಹುಡುಗಿ ಹಾಕುವುದರ ಜೊತೆಗೆ ಇನ್ನೂ ಏಳೆಂಟು. ನನ್ನ ಗಂಡ ಅರಕಲಗೂಡಿನಲ್ಲಿ ಯಾರೋ ಹೇಳಿದರೆಂದು ಹೊಗೆಸೊಪ್ಪಿನ ಎಲೆ ತಂದರು. ಅತ್ತೆ ಅದನ್ನೂ ಅವರನ್ನೂ ಒಟ್ಟಿಗೆ ಹೊರಗೆ ಹಾಕಿದರು. ಭಾವನ ಸಿದ್ಧಾಂತವೇ ಬೇರೆ. ಗಡ್ಡೆ ಮೊಳಕೆ ಒಡೆಯುವುದು ಕತ್ತಲಲ್ಲಿ, ಬೆಳಕಿಗಿಟ್ಟರೆ ಹಸಿರಾಗಿ ಕೆಟ್ಟುಹೋಗುತ್ತದೆ ಎಂದು ಅವರ ವಾದ. ಹಾಗಾಗಿ ದಿನಾ ಎರಡು ಗಂಟೆ ಅಕ್ಕ ಗೋಡೌನಿನ ಕತ್ತಲಲ್ಲಿ ಬಿತ್ತನೆಗಡ್ಡೆಯ ರಾಶಿಯ ಪಕ್ಕ ಚಾಪೆ ಹಾಕಿಕೊಂಡು ಕೂರಬೇಕು. ಸಂಜೆ ಭಾವ ದೀಪ ಹಿಡಿದುಕೊಂಡು ಹೋಗಿ ಮೊದಲು ಗಡ್ಡೆಗಳನ್ನು ನೋಡುವುದು, ಆಮೇಲೆ ಹೆಂಡತಿಯ ತಲೆಯನ್ನು ನೋಡುವುದು. ಗಡ್ಡೆಗಳು ಚೆನ್ನಾಗಿ ಕಣ್ಣು ಬಿಡುತ್ತಿದ್ದವು.

ಅಷ್ಟರಲ್ಲಿ ಹೊರಗೆ ಅಕ್ಕನ ಮಹಿಮೆ ಬೆಳೆದಿತ್ತು. ಸಿದ್ದಮ್ಮನ ಮೊಮ್ಮಗನಿಗೆ ಜ್ವರ ಬಂದಾಗ ಡಬ್ಬಿಯಲ್ಲಿದ್ದ ಲಾಡಿನ ಚೂರು ತಿನ್ನಿಸಿದಳಂತೆ, ಜ್ವರ ಬಿಟ್ಟಿತಂತೆ. ಹಳೆಯ ಲಾಡು ತಿಂದು ಮಗು ಬದುಕಿದ್ದೇ ಪವಾಡ ಎಂದು ನನಗನ್ನಿಸಿತು. ಹೆಂಗಸರು ಹೂವು ಬಾಳೆಹಣ್ಣು ಹಿಡಿದು ಬರತೊಡಗಿದರು. ಮಕ್ಕಳಿಲ್ಲದ ನಮ್ಮ ಅಕ್ಕನ ಹತ್ತಿರ ಮಕ್ಕಳಾಗಲಿ ಅಂತ ಹರಸು ಎಂದು ಕೇಳಿದರು. ನನಗೇ ದಿಕ್ಕಿಲ್ಲ ಎಂದು ಅಕ್ಕ ಒಳಗೆ ಎದ್ದು ಹೋಗುತ್ತಿದ್ದಳು. ಅದನ್ನೂ ವೈರಾಗ್ಯ ಎಂದುಕೊಂಡರು.

ಆಮೇಲೆ ಕೂದಲಿನ ಗಂಟುಗಳು ಬರತೊಡಗಿದವು. ಮಗುವಿನ ಮೊದಲ ಕೂದಲನ್ನು ತಿಮ್ಮಪ್ಪನಿಗೆಂದು ತೆಗೆದು ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟವರು, ಬೆಟ್ಟಕ್ಕೆ ಹೋಗಲು ಕೈಲಾಗದವರು, ಹೇಗೂ ಮೂರು ತಿಂಗಳಿಗೊಮ್ಮೆ ಹೋಗುತ್ತೀಯಲ್ಲ ತಾಯಿ, ಇದನ್ನೂ ಹಾಕಿ ಬಾ ಎಂದು ತಂದುಕೊಟ್ಟರು. ಬೇಡ ಎನ್ನುವ ಹಾಗಿಲ್ಲ. ಹನ್ನೊಂದು ಗಂಟುಗಳು ನಮ್ಮ ದೇವರ ಗೂಡಿನಲ್ಲಿ ಸೇರಿದವು. ಯೋಚನೆ ಮಾಡಿ ನೋಡಿ, ತಲೆಯ ಮೇಲೆ ಒಂದೆಳೆ ಕೂದಲಿಗಾಗಿ ಜೀವ ಹಿಡಿದುಕೊಂಡಿದ್ದವಳ ಮನೆಯಲ್ಲಿ ಬೀದಿಯವರ ಕೂದಲೆಲ್ಲ ತುಂಬಿತ್ತು. ಅತ್ತೆ ದಿನಾ ದೀಪ ಹಚ್ಚುವಾಗ ಆ ಗಂಟುಗಳನ್ನು ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಕೊನೆಗೊಂದು ಸಂಜೆ ಗೋಡೌನಿನಿಂದ ಭಾವ ಕೂಗಿಕೊಂಡರು. ಏನು ಅನಾಹುತವಾಯಿತೋ ಎಂದು ನಾನೂ ಅತ್ತೆಯೂ ಓಡಿದೆವು. ದೀಪವನ್ನು ಅಕ್ಕನ ಬಲಗಿವಿಯ ಹತ್ತಿರ ಹಿಡಿದು, ಕಣ್ಣು ಬಿಟ್ಟೈತೆ, ಕಣ್ಣು ಬಿಟ್ಟೈತೆ ಎನ್ನುತ್ತಿದ್ದರು. ನಾನು ಬೆರಳಿಟ್ಟು ನೋಡಿದೆ. ಇತ್ತು. ಕಂಬಳಿಹುಳುವಿನ ಮೈಯಷ್ಟು ಮೆತ್ತಗೆ, ಬಿಳಿಯೂ ಅಲ್ಲದ ಕಪ್ಪೂ ಅಲ್ಲದ ತುಪ್ಪಟ. ಎರಡು ತಿಂಗಳು ಕಳೆಯುವ ಹೊತ್ತಿಗೆ ಅದು ಸುರುಳಿ ಸುರುಳಿಯಾಗಿ ಬೆಳೆಯಿತು. ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ ಗುಂಗುರು. ಎಡಗಡೆ ನೆಟ್ಟಗೆ, ಬಲಗಡೆ ಗುಂಗುರು. ಅಕ್ಕ ಕನ್ನಡಿ ಹಿಡಿದು ಕೂತರೆ ಏಳುತ್ತಿರಲಿಲ್ಲ. ಉಳಿದೆ ಕಣಮ್ಮಿ, ಉಳಿದೆ ಎಂದು ನನ್ನನ್ನು ತಬ್ಬಿಕೊಂಡು ಅತ್ತಳು. ಅಷ್ಟು ಸಂತೋಷ ಆ ಮನೆಯಲ್ಲಿ ನಾನು ಮತ್ತೆ ಕಾಣಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಅತ್ತೆ ನಮ್ಮಿಬ್ಬರನ್ನೂ ನಡುಮನೆಯಲ್ಲಿ ಕೂರಿಸಿದರು. ಗೂಡಿನಿಂದ ಹನ್ನೊಂದು ಗಂಟುಗಳನ್ನೂ ತಂದು ಮುಂದಿಟ್ಟರು. ಇವನ್ನು ಬೆಟ್ಟಕ್ಕೆ ಮುಟ್ಟಿಸಲೇಬೇಕು, ನಾನೇ ಹೋಗುತ್ತೇನೆ ಎಂದರು. ಅದಿರಲಿ. ಆದರೆ ಮೂರು ಸಲ ಅವನಿಗೆ ಮುಡಿ ಕೊಟ್ಟೆವೆಂದು ಊರಿಗೆಲ್ಲ ಹೇಳಿದ್ದೇವೆ. ಅವನ ಹೆಸರಿನಲ್ಲಿ ಸುಳ್ಳು ಹೇಳಿ ಜೀವ ಉಳಿಸಿಕೊಂಡು, ಬರಿಗೈಲಿ ಅವನ ಮುಂದೆ ನಿಲ್ಲಲು ನನ್ನಿಂದ ಆಗುವುದಿಲ್ಲ. ಈ ಮನೆಯಿಂದ ಒಂದು ಮುಡಿ ಹೋಗಲೇಬೇಕು ಎಂದರು.

ದೇವೀರಕ್ಕ ಎರಡೂ ಕೈಯಲ್ಲಿ ತಲೆಯನ್ನು ಮುಚ್ಚಿಕೊಂಡಳು. “ಪ್ರಾಣ ಬೇಕಾದ್ರೆ ತಕ್ಕೊಳ್ಲಿ ಅತ್ತೆ, ಇದ ಕೊಡಾಕಿಲ್ಲ” ಎಂದಳು. ಅವಳ ಲೆಕ್ಕದಲ್ಲಿ ಕೂದಲು ಎಂದರೂ ಪ್ರಾಣ ಎಂದರೂ ಒಂದೇ, ಅದು ನನಗೊಬ್ಬಳಿಗೇ ಗೊತ್ತಿತ್ತು.

ಅತ್ತೆ ಅವಳನ್ನು ಒತ್ತಾಯ ಮಾಡಲಿಲ್ಲ. ತಿರುಗಿ ನನ್ನನ್ನು ನೋಡಿದರು. ನನ್ನ ಜಡೆ ಹೆಗಲ ಮೇಲಿಂದ ಮುಂದಕ್ಕೆ ಬಿದ್ದಿತ್ತು. ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಉಕ್ಕೀತು ಎಂದು ಹೇಳಿ ನಾನು ಎದ್ದು ಅಡಿಗೆಮನೆಗೆ ಹೋದೆ.

ಶುಕ್ರವಾರ ಅತ್ತೆ ಭಾವನನ್ನು ಕರೆದುಕೊಂಡು, ಗಂಟುಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಹೊರಟರು. ಬೆಟ್ಟದ ಬಗ್ಗೆ ನಾನು ಹೇಳಿದ್ದನ್ನೆಲ್ಲ ಒಂದು ವರ್ಷದಿಂದ ಕೇಳಿ ಕೇಳಿ ನಂಬಿಬಿಟ್ಟಿದ್ದರು ಅಂತ ಕಾಣುತ್ತದೆ, ಬಂಡೆ ಮೆಟ್ಟಿಲಿಗೆ ಕಾಲು ಸುಡುತ್ತದೆ ಎಂದು ಹಳೆಯ ಬಟ್ಟೆ ಸುತ್ತಿಕೊಳ್ಳಲು ತೆಗೆದುಕೊಂಡು ಹೋದರು.

ಅವರು ಹೋದ ಎರಡನೆಯ ದಿನ ಸಿದ್ದಮ್ಮ ಹನ್ನೆರಡನೆಯ ಗಂಟು ತಂದಳು. ಅಕ್ಕ ಜಗಲಿಯಲ್ಲಿ ಕೂತಿದ್ದಳು. ಗಂಟನ್ನು ಮುಟ್ಟಲಿಲ್ಲ. ತಲೆಯ ಮೇಲಿನ ಸೆರಗು ತೆಗೆದಳು. “ತಕ್ಕೊಂಡೋಗಿ ಸಿದ್ದಮ್ಮಕ್ಕ. ನಾನು ತಿರುಪತಿ ಮೊಕಾನೇ ನೋಡಿಲ್ಲ. ನಂಗೆ ಕ್ಯಾನ್ಸರ್ ಆಗಿತ್ತು. ಬೆಂಗ್ಳೂರಲ್ಲಿ ಕರೆಂಟು ಕೊಟ್ರು, ಕೂದ್ಲು ಓಯ್ತು. ಈಗ ಬಂದೈತೆ, ನೋಡಿ.” ಆ ಹೆಸರು ನಮ್ಮ ಮನೆಯಲ್ಲಿ ಮೊದಲ ಸಲ ಕೇಳಿಸಿತು. ಸಿದ್ದಮ್ಮ ಅಕ್ಕನ ಬಲಗಡೆ ನೋಡಿದಳು, ಎಡಗಡೆ ನೋಡಿದಳು.

“ಅಂಗಾದ್ರೆ ಆ ಲಾಡು?” ಎಂದಳು ಕೊನೆಗೆ.

ನಾನು ಕರಿದದ್ದು ಎಂದೆ. ಇಲ್ಲವಂತೆ. ತನ್ನ ಮೊಮ್ಮಗನ ಜ್ವರ ಬಿಟ್ಟದ್ದು ಹಾಗಾದರೆ ಹೇಗೆ ಎಂದು ನನ್ನನ್ನೇ ಗದರಿದಳು. ಕ್ಯಾನ್ಸರನ್ನು ಅರೆಗಳಿಗೆಯಲ್ಲಿ ನಂಬಿದ ಹೆಂಗಸು ಲಾಡಿನ ವಿಷಯವನ್ನು ಕೊನೆತನಕ ನಂಬಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಬೋಳುತಲೆ ಎಂದರೆ ಏನು ಎಂದು ನಮ್ಮ ಬೀದಿ ಅವತ್ತು ಹೊಸದಾಗಿ ಕಲಿಯಿತು. ಆ ಪಾಠ ಬಿಸಿಬಿಸಿಯಾಗಿರುವಾಗಲೇ ಅದಾದ ಮೂರನೆಯ ದಿನ ಅತ್ತೆ ಭಾವನ ಜೊತೆ ಬಸ್ಸಿಳಿದು ನಡೆದುಕೊಂಡು ಬಂದರು. ಕೈಯಲ್ಲಿ ಪ್ರಸಾದದ ಬುಟ್ಟಿ. ತಲೆ ನುಣ್ಣಗೆ, ಮೇಲೆ ಒಣಗಿದ ಗಂಧ.

ಎಪ್ಪತ್ತು ವರ್ಷದ ತನಕ ಹೆಗಲು ಮುಚ್ಚುವಷ್ಟು ಕೂದಲು ಉಳಿಸಿಕೊಂಡಿದ್ದ ಹೆಂಗಸು. ಯಾರ ಮಾತಿಗೂ ಮಣಿಯದವರು. ಸಿದ್ದಮ್ಮ ಬೀದಿಯ ನಡುವೆ ಎದೆ ಬಡಿದುಕೊಂಡು, ಅಯ್ಯೋ, ನಿಮಗೂ ಬಂತಾ ತಾಯಿ ಎಂದು ಅಳಲು ಶುರುಮಾಡಿದಳು. ಅತ್ತೆಗೆ ಏನೂ ಅರ್ಥವಾಗಲಿಲ್ಲ. ತಿರುಪತಿಗೆ ಹೋಗಿದ್ದೆ ಎಂದರು. ಹೌದು ಹೌದು ತಿರುಪತಿ ಎಂದು ಎಲ್ಲರೂ ತಲೆಯಾಡಿಸಿ ಕಣ್ಣೊರೆಸಿಕೊಂಡರು. ಎರಡು ದಿನ ಮನೆಗೆ ಬ್ರೆಡ್ಡು, ಕಿತ್ತಳೆಹಣ್ಣು ಹಿಡಿದುಕೊಂಡು ಜನ ಬಂದರು. ಎಷ್ಟು ಸಲ ಕರೆಂಟು ಕೊಟ್ಟರು ಎಂದು ಮೆತ್ತಗೆ ವಿಚಾರಿಸಿದರು. ಅತ್ತೆ ಕೋಪದಲ್ಲಿ ಕೆಂಪಾಗಿ ನಿಜವಾದ ಲಾಡನ್ನು ಎಲ್ಲರ ಕೈಗೂ ತುರುಕಿದರು. ಸಿದ್ದಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, ಇದು ಮನೆಯಲ್ಲಿ ಮಾಡಿದ್ದು, ಹೋದ ಸಲದ್ದೇ ಅಸಲಿ ಎಂದು ತೀರ್ಪು ಕೊಟ್ಟಳು. ನಮ್ಮ ಮನೆಯ ನೀರು ಕುಡಿಯುವುದನ್ನು ಒಂದೆರಡು ಮನೆಯವರು ಬಿಟ್ಟರು. ಉಳಿದವರು ಬರುತ್ತಲೇ ಇದ್ದರು. ಇಷ್ಟು ಸುದ್ದಿ ಇರುವ ಮನೆಯನ್ನು ಬಿಟ್ಟಿರಲು ಯಾರಿಗೆ ಮನಸ್ಸು ಬಂದೀತು?

ಜನ ಖಾಲಿಯಾದ ಮೇಲೆ ನಾನು ಗಂಧ ತೇಯ್ದು ಅತ್ತೆಯ ತಲೆಗೆ ಹಚ್ಚಲು ಕೂತೆ. ನೆತ್ತಿ ಅಷ್ಟು ಚಿಕ್ಕದಾಗಿತ್ತು, ಮಗುವಿನದರ ಹಾಗೆ. ನನಗೆ ತಡೆಯಲಾಗಲಿಲ್ಲ. ನಾನು ಕೊಡಬೇಕಿತ್ತು ಅತ್ತೆ ಎಂದೆ. ಅಯ್ಯೋ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ.

“ಊಂ. ನೀನೇ ಕೊಡ್ಬೇಕಿತ್ತು” ಎಂದರು ಅತ್ತೆ. ತಲೆಯನ್ನು ನನ್ನ ಕೈಯ ಕಡೆಗೆ ಬಾಗಿಸಿ, “ಆದ್ರೆ ಒಂದೇ ವರ್ಸದಾಗೆ ಇಬ್ರು ಸೊಸೇರ್ನೂ ಅಂಗೆ ನೋಡಾಕೆ ನನ್ ಕೈಲಾಗ್ತಿರ್ಲಿಲ್ಲ ಕಣಮ್ಮಿ. ಅಚ್ಚು, ಕಿವಿ ಇಂದೆ ಉರೀತೈತೆ” ಎಂದರು.

ಮುಂದಿನ ವರ್ಷ ಅತ್ತೆ ಹೋಗಿಬಿಟ್ಟರು. ವಯಸ್ಸಾಗಿತ್ತು, ಮಲಗಿದವರು ಏಳಲಿಲ್ಲ. ತಲೆಯಲ್ಲಿ ಎರಡು ಬೆರಳು ಬೆಳೆದಿತ್ತು ಅಷ್ಟೇ. ಆ ಬೀದಿಯಲ್ಲಿ ಅವರು ಕ್ಯಾನ್ಸರಿಗೆ ಸತ್ತರು ಎಂದೇ ಇವತ್ತಿಗೂ ಹೇಳುತ್ತಾರೆ. ಕ್ಯಾನ್ಸರಾದ ದೇವೀರಕ್ಕ ಅದಾದ ಮೇಲೆ ಮೂವತ್ತು ವರ್ಷಕ್ಕೂ ಮೇಲೆ ಇದ್ದಳು, ಅರ್ಧ ನೆಟ್ಟಗೆ ಅರ್ಧ ಗುಂಗುರು ಕೂದಲಿನಲ್ಲಿ, ಎಲ್ಲರ ಮದುವೆಯಲ್ಲೂ ಹೂವು ಮುಡಿದು ಮುಂದೆ ಕೂರುತ್ತಿದ್ದಳು. ಡಾಕ್ಟರು ಹೇಳಿದ ಹಾಗೆ ಕೂದಲಿಗೂ ಅದಕ್ಕೂ ಸಂಬಂಧವಿರಲಿಲ್ಲವೇನೋ. ಅವಳು ಮಾತ್ರ ಸಾಯುವತನಕ ಒಪ್ಪಲಿಲ್ಲ.

ನಿಮ್ಮನ್ನು ನಗಿಸಿ ಕಳಿಸೋಣವೆಂದು ಶುರುಮಾಡಿದವಳು ನಾನು. ಹೇಳುತ್ತಾ ಹೇಳುತ್ತಾ ಎಲ್ಲಿಗೋ ಬಂದೆ. ಎಂಬತ್ತು ದಾಟಿದೆ, ಇಷ್ಟು ವರ್ಷದಲ್ಲಿ ತಿರುಪತಿಗೆ ಹೋಗುವ ಅವಕಾಶ ಹತ್ತು ಸಲ ಬಂದಿತ್ತು, ಪ್ರತಿ ಸಲ ಏನೋ ಒಂದು ನೆಪ ಹೇಳಿದೆ. ಈಗ ತಲೆಯಲ್ಲಿ ಉಳಿದಿರುವುದು ಕಿರುಬೆರಳಿಗೆ ಸುತ್ತಿದರೆ ಮುಗಿದುಹೋಗುವಷ್ಟು. ಕೊಡಲು ಹೋದರೆ ಅಲ್ಲಿಯ ಕ್ಷೌರದವನು ನಕ್ಕಾನು. ನಗಲಿ. ನಿನ್ನೆ ಸಂಜೆ ಮಗಳು ಕೆಲಸದಿಂದ ಬಂದ ಮೇಲೆ, ತಿರುಪತಿಗೆ ಕರೆದುಕೊಂಡು ಹೋಗು, ಮುಡಿ ಕೊಡಬೇಕು ಎಂದೆ. ಈ ವಯಸ್ಸಿನಲ್ಲಿ ಎಂಥ ಹರಕೆಯಮ್ಮ, ಯಾರಿಗೆ ಏನಾಗಿದೆ ಎಂದು ಅವಳು ಗಾಬರಿಯಾದಳು.

ಯಾರಿಗೂ ಏನೂ ಆಗಿಲ್ಲ, ಅವತ್ತು ಒಲೆಯ ಮೇಲೆ ಹಾಲಿರಲಿಲ್ಲ ಎಂದೆ.